ಅಡಿಕೆ ಅಂಗಳದಿಂದ ಸ್ಟಾಕ್ ಫೋಟೋ: ಹವ್ಯಾಸಿ ಮಾಷ್ಟ್ರ ಎದುರು ಸೋತ ಸ್ಟುಡಿಯೋದವನು ಹೇಳುವ ದಾರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಾನು ಸ್ಟುಡಿಯೋ ಇಟ್ಟು 22 ವರ್ಷ ಆಯ್ತು. ಮದುವೆ, ಉಪನಯನ, ಹೊಸ ಮನೆಯ ಒಕ್ಕಲು, ದೇವಸ್ಥಾನದ ಬ್ರಹ್ಮಕಲಶ. ನಡುವೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬರುವ ಶಾಲೆ ಮಕ್ಕಳು. ಹೊಟ್ಟೆಪಾಡು ಇದರಲ್ಲೇ. ಆಟಿ ತಿಂಗಳಲ್ಲಿ ಮಾತ್ರ ಕೆಲಸ ಇರುವುದಿಲ್ಲ, ಆಗ ಯಾರೂ ಮದುವೆ ಇಡುವುದಿಲ್ಲವಲ್ಲ. ಅಂಥ ಒಂದು ಆಟಿಯಲ್ಲಿ ಮಳೆ ನೋಡುತ್ತ ಕೂತಿದ್ದವನಿಗೆ ಸ್ಟಾಕ್ ಫೋಟೋದ ಹುಚ್ಚು ಹತ್ತಿತು.

ಸ್ಟಾಕ್ ಅಂದರೆ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ತೆಗೆದ ಫೋಟೋವನ್ನು ಒಂದು ವೆಬ್‌ಸೈಟಿನಲ್ಲಿ ಇಡುತ್ತೇವೆ. ಪತ್ರಿಕೆಯವರು, ಜಾಹೀರಾತಿನವರು, ಪಠ್ಯಪುಸ್ತಕ ಮಾಡುವವರು ಅಲ್ಲಿ ಹುಡುಕಿ, ದುಡ್ಡು ಕೊಟ್ಟು ಬಳಸುತ್ತಾರೆ. ಒಂದೇ ಫೋಟೋ ಎಷ್ಟು ಸಲವೂ ಮಾರಾಟ ಆಗಬಹುದು. ಫೋಟೋದ ಹಕ್ಕು ನಮ್ಮಲ್ಲೇ ಉಳಿಯುತ್ತದೆ, ವೆಬ್‌ಸೈಟಿನವರು ತಮ್ಮ ಪಾಲು ಹಿಡಿದು ಉಳಿದದ್ದು ಕೊಡುತ್ತಾರೆ.

ನನ್ನ ಲೆಕ್ಕ ಸುಲಭ ಇತ್ತು. ಕೈಯಲ್ಲಿ ಒಳ್ಳೆ ಕ್ಯಾಮೆರಾ ಉಂಟು, ಲೆನ್ಸ್ ಉಂಟು, ಬೆಳಕು ನೋಡುವ ಕಣ್ಣು ಉಂಟು. ಬೇಕಲ ಕೋಟೆಗೆ ನಾಲ್ಕು ಸಲ ಹೋಗಿ ಸೂರ್ಯಾಸ್ತ ತೆಗೆದೆ. ದಾಸವಾಳ ತೆಗೆದೆ, ಅದರ ಮೇಲೆ ನೀರು ಚಿಮುಕಿಸಿ ಮತ್ತೆ ತೆಗೆದೆ. ಅಲೆ, ದೋಣಿ, ತೆಂಗಿನಮರ. ಒಟ್ಟು 300 ಫೋಟೋ ಏರಿಸಿದೆ. ಎರಡು ವರ್ಷದಲ್ಲಿ ಬಂದದ್ದು 9 ಡಾಲರ್.

2021ರಲ್ಲಿ ಒಂದು ದಿನ ನೀರ್ಚಾಲಿನ ನಮ್ಮ ಮಾಷ್ಟ್ರು ಸ್ಟುಡಿಯೋಕ್ಕೆ ಬಂದರು. ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು. ನಿವೃತ್ತಿ ಆದಾಗ ಮಗ ಒಂದು ಕ್ಯಾಮೆರಾ ತೆಗೆದುಕೊಟ್ಟಿದ್ದ, ಜೊತೆಗೆ ಬರುವ ಚಿಕ್ಕ ಲೆನ್ಸ್ ಬಿಟ್ಟರೆ ಬೇರೆ ಏನೂ ಇಲ್ಲ. ಮೊಬೈಲನ್ನು ಕೌಂಟರಿನ ಮೇಲಿಟ್ಟು, "ಇದು ಎಂಥದ್ದೋ ತೆರಿಗೆ ಫಾರಂ ಕೇಳ್ತಾ ಉಂಟು ಮಾರಾಯ, ನಿನಗೆ ಗೊತ್ತುಂಟಾ ನೋಡು" ಅಂದರು. ನೋಡಿದೆ. ಅವರ ಖಾತೆಯಲ್ಲಿ ಇದ್ದದ್ದು 46 ಫೋಟೋ, ಬಂದದ್ದು 31 ಡಾಲರ್.

"ಮಾಷ್ಟ್ರೇ, ಇದು ನೀವೇ ತೆಗೆದದ್ದಾ?" ಅಂತ ಕೇಳಿದೆ. ಕೇಳಬಾರದಿತ್ತು. ಅವರು ನಕ್ಕು ಬಿಟ್ಟರು, ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

31 ಡಾಲರ್ ಅಂದರೆ ಆಗ ಸುಮಾರು 2,300 ರೂಪಾಯಿ. ದೋಟಿ ಹಿಡಿದು ಅಡಿಕೆ ಕೊಯ್ಯುವವರ ಎರಡು ದಿನದ ಸಂಬಳಕ್ಕೂ ಸಾಲದು. ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ. ನನ್ನನ್ನು ಚುಚ್ಚಿದ್ದು ದುಡ್ಡಲ್ಲ, ಲೆಕ್ಕ. 300 ಫೋಟೋಗೆ 9, 46 ಫೋಟೋಗೆ 31. ಲೆಕ್ಕದ ಮಾಷ್ಟ್ರ ಎದುರೇ ಲೆಕ್ಕ ತಪ್ಪಿತ್ತು.

ಹವ್ಯಾಸಿಗೂ ವೃತ್ತಿಯವನಿಗೂ ಜಗಳ ಎಲ್ಲಿ ಶುರುವಾಯ್ತು

ಮೊದಲು ಈ ವ್ಯಾಪಾರ ಪೂರ್ತಿ ವೃತ್ತಿಯವರ ಕೈಯಲ್ಲಿತ್ತು. ಏಜೆನ್ಸಿಗಳು ಆರಿಸಿದ ಕೆಲವೇ ಫೋಟೋಗ್ರಾಫರುಗಳು, ಒಂದು ಚಿತ್ರಕ್ಕೆ ನೂರಾರು ಡಾಲರ್. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟೋನ್ ಎಂಬವರು ಐಸ್ಟಾಕ್‌ಫೋಟೋ ಶುರು ಮಾಡಿದರು. ಮೊದಲು ಅದು ಫೋಟೋ ಪುಕ್ಕಟೆ ಹಂಚಿಕೊಳ್ಳುವ ಜಾಗ, ಆಮೇಲೆ ಚಿಲ್ಲರೆ ದರಕ್ಕೆ ಮಾರುವ ಜಾಗ. 2003ರಲ್ಲಿ ನ್ಯೂಯಾರ್ಕಿನ ಜಾನ್ ಓರಿಂಜರ್ ತಾನೇ ತೆಗೆದ ಸುಮಾರು 30,000 ಫೋಟೋ ಇಟ್ಟುಕೊಂಡು ಶಟರ್‌ಸ್ಟಾಕ್ ತೆರೆದರು. ತಿಂಗಳಿಗೆ ಇಷ್ಟು ದುಡ್ಡು ಕೊಟ್ಟರೆ ಬೇಕಾದಷ್ಟು ಇಳಿಸಿಕೊಳ್ಳಬಹುದು ಅನ್ನುವ ಲೆಕ್ಕ. ಹಳೆಯ ದೊಡ್ಡ ಏಜೆನ್ಸಿ ಗೆಟ್ಟಿಯವರು ಸುಮ್ಮನೆ ಕೂರಲಿಲ್ಲ, 2006ರಲ್ಲಿ 5 ಕೋಟಿ ಡಾಲರ್ ಕೊಟ್ಟು ಐಸ್ಟಾಕನ್ನೇ ಕೊಂಡರು. ಜನರ ಗುಂಪಿನಿಂದ ಕೆಲಸ ಮಾಡಿಸುವುದಕ್ಕೆ 'ಕ್ರೌಡ್‌ಸೋರ್ಸಿಂಗ್' ಅಂತ ಜೆಫ್ ಹೋವ್ ಎಂಬ ಅಮೆರಿಕದ ಪತ್ರಕರ್ತರು ಹೆಸರಿಟ್ಟದ್ದೂ ಅದೇ ವರ್ಷ. ಅವರು ಮೊದಲು ಕೊಟ್ಟ ಉದಾಹರಣೆಯೇ ಐಸ್ಟಾಕ್‌ಫೋಟೋ.

ವೃತ್ತಿಯವರಿಗೆ ಸಿಟ್ಟು ಬಂದದ್ದು ಸಹಜ. ಮದುವೆಮನೆಯಲ್ಲಿ ನನ್ನ ಲೆನ್ಸಿನ ಎದುರು ಹತ್ತು ಮೊಬೈಲ್ ಎದ್ದು ನಿಂತಾಗ ನನಗೆ ಬರುವ ಸಿಟ್ಟೂ ಅದೇ ಜಾತಿಯದ್ದು. ಆದರೆ ದರ ಬಿದ್ದ ತಪ್ಪೆಲ್ಲ ಹವ್ಯಾಸಿಗಳ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ದರ ಬರೆದವರು ಅವರಲ್ಲವಲ್ಲ. 2020ರ ಜೂನ್‌ನಲ್ಲಿ ಶಟರ್‌ಸ್ಟಾಕ್ ಪಾಲಿನ ಕ್ರಮ ಬದಲಾಯಿಸಿತು. ಮೊದಲು ಹೊಸಬರಿಗೂ ಒಂದು ಚಿತ್ರಕ್ಕೆ 25 ಸೆಂಟ್ ಬರುತ್ತಿತ್ತು. ಆಮೇಲೆ ಮಾರಾಟ ಏರಿದ ಹಾಗೆ ಏರುವ ಆರು ಮೆಟ್ಟಿಲು ಮಾಡಿದರು: ನಮ್ಮ ಪಾಲು ಮಾರಿದ ಬೆಲೆಯ 15 ಶೇಕಡದಿಂದ 40ರವರೆಗೆ, ಅತಿ ಕಡಿಮೆ ಅಂದರೆ ಒಂದು ಚಿತ್ರಕ್ಕೆ 10 ಸೆಂಟ್. ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಇದು ಬಿಸಿ ಮುಟ್ಟಿಸಿದ್ದು ಜಾಸ್ತಿ ವೃತ್ತಿಯವರಿಗೇ. ಮಾಷ್ಟ್ರಿಗೆ ಪಿಂಚಣಿ ಉಂಟು, ತೋಟ ಉಂಟು. 10 ಸೆಂಟ್ ಬಂದರೂ "ಓ, ಒಂದು ಹೋಯ್ತು" ಅಂತ ಸಂತೋಷಪಡುತ್ತಾರೆ. ನಾನು ಪೆಟ್ರೋಲ್ ಲೆಕ್ಕ ಹಾಕುತ್ತೇನೆ.

ಆದ್ದರಿಂದ ಮೊದಲ ಕೆಲಸ: ನಿಮ್ಮ ಕೈಯಲ್ಲಿ ಏನು ಜಾಸ್ತಿ ಉಂಟು ಅಂತ ನೋಡಿಕೊಳ್ಳಿ. ಹವ್ಯಾಸಿ ಆದರೆ ನಿಮ್ಮಲ್ಲಿ ಇರುವುದು ಸಮಯ, ಮತ್ತೆ ದಿನಾ ನೋಡುವ ಜಾಗ. ವೃತ್ತಿಯವನಾದರೆ ಲೈಟು, ವೇಗ, ಜನರನ್ನು ನಿಲ್ಲಿಸಿ ಹೇಳಿದ ಹಾಗೆ ಮಾಡಿಸುವ ಧೈರ್ಯ. ನಾನು ಮಾಡಿದ ತಪ್ಪು ಏನೆಂದರೆ ನನ್ನ ಲೈಟು ಸ್ಟುಡಿಯೋದಲ್ಲಿ ಬಿಟ್ಟು ಬೇಕಲಕ್ಕೆ ಹೋದದ್ದು. ಅಲ್ಲಿ ರಜೆಗೆ ಬಂದ ಸಾವಿರ ಜನರ ಜೊತೆ ಅದೇ ಸೂರ್ಯನಿಗೆ ಕ್ಯಾಮೆರಾ ಹಿಡಿದೆ. (ಕೋಟೆಯ ಒಳಗೆ ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದನ್ನೂ ಕಾವಲಿನವರು ಹೇಳಿದ ಮೇಲೆ ಕಲಿತದ್ದು.)

ಏನು ತೆಗೆಯಬೇಕು

ಕ್ಯಾಮೆರಾ ಎತ್ತುವ ಮೊದಲು ವೆಬ್‌ಸೈಟಿನಲ್ಲಿ ಹುಡುಕಿ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾರೂ ನೋಡಬಹುದು. ಸೂರ್ಯಾಸ್ತ ಅಂತ ಇಂಗ್ಲಿಷಿನಲ್ಲಿ ಹೊಡೆದು ನೋಡಿ, ಪುಟ ಮುಗಿಯುವುದೇ ಇಲ್ಲ. ಆಮೇಲೆ ಅಡಿಕೆ ಅಂತ ಹುಡುಕಿ. ನಾನು ಹುಡುಕಿದಾಗ ಜಾಯಿಕಾಯಿಗೂ ಅಡಿಕೆ ಅಂತ ಹೆಸರಿಟ್ಟದ್ದು ಕಂಡಿತು, ವೀಳ್ಯದೆಲೆಗೂ ಕಂಡಿತು. ಎಲ್ಲಿ ಚಿತ್ರ ಕಡಿಮೆಯೋ, ಇದ್ದದ್ದೂ ತಪ್ಪೋ, ಅಲ್ಲಿ ನಮಗೆ ಜಾಗ ಉಂಟು.

ನಮ್ಮ ಸುತ್ತ ಅಂಥದ್ದು ಎಷ್ಟು ಬೇಕು? ಮುರಕಲ್ಲಿನ ಕೋರೆಯಲ್ಲಿ ಯಂತ್ರ ಕಲ್ಲು ಕೊಯ್ಯುವುದು, ಆ ಕೆಂಪು ಧೂಳು. ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದ ಸುರಂಗದಿಂದ ನೀರು ಸಣ್ಣ ತೋಡಿನಲ್ಲಿ ಹರಿದು ತೋಟಕ್ಕೆ ಬರುವುದು. ತೋಡಿಗೆ ಹಾಕುವ ಕಟ್ಟ. ಅಡಿಕೆ ಮರದಿಂದ ಬೀಳುವ ಹಾಳೆಯನ್ನು ನೆನೆಸಿ, ಒತ್ತಿ ತಟ್ಟೆ ಮಾಡುವುದು. ಪ್ಲಾಸ್ಟಿಕ್ ಬೇಡ ಅನ್ನುವ ಕಂಪನಿಗಳಿಗೆ ಹಾಳೆತಟ್ಟೆಯ ಒಳ್ಳೆ ಚಿತ್ರ ಯಾವಾಗಲೂ ಬೇಕು. ಕಾಸರಗೋಡು ಗಿಡ್ಡ ದನ. ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುವುದು.

ಆ ಮದ್ದಿನ ವಿಷಯದಲ್ಲೇ ಮಾಷ್ಟ್ರ ಜಾಣತನ ನನಗೆ ಗೊತ್ತಾದದ್ದು. ಎಲ್ಲರೂ ತೆಗೆಯುವುದು ಮರದ ಮೇಲೆ ಕೂತು ಸಿಂಪಡಿಸುವವನನ್ನು. ಮಾಷ್ಟ್ರು ಕೆಳಗೆ ಡ್ರಮ್ಮಿನ ಹತ್ತಿರ ನಿಂತರು. ಮೈಲುತುತ್ತಿನ ನೀಲಿ ನೀರನ್ನು ಸುಣ್ಣದ ನೀರಿಗೆ ಹೊಯ್ಯುವಾಗ ಎರಡೂ ಸೇರುವ ಗಳಿಗೆ ಉಂಟಲ್ಲ, ಆಕಾಶದ ಬಣ್ಣ ಬರುವುದು, ಅದು ಅವರ ಫೋಟೋ. ವಿವರದಲ್ಲಿ ಏನು ಬರೆದಿದ್ದರು ಗೊತ್ತಾ? ಶೇಕಡ 1ರ ಬೋರ್ಡೋ ದ್ರಾವಣ, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಅಡಿಕೆಯ ಕೊಳೆರೋಗಕ್ಕೆ. ಕೃಷಿಯ ಪುಸ್ತಕ ಮಾಡುವವನಿಗೆ ಬೇಕಾದ ಚಿತ್ರ ಇದೇ ಅಂತ ಅನುಮಾನವೇ ಬೇಡ. ನಾನಾದರೆ "ನೀಲಿ ನೀರು, ಭಾರತ" ಅಂತ ಬರೆದು ಬಿಡುತ್ತಿದ್ದೆ.

ಆ ಕಾಲಿನ ಫೋಟೋ

ಮಾಷ್ಟ್ರ ಫೋಟೋಗಳಲ್ಲಿ ಅತಿ ಜಾಸ್ತಿ ಹೋದದ್ದು ಒಂದು ಕಾಲಿನದ್ದು. ಹೇಗೆ ತೆಗೆದರು ಅಂತ ನಾನು ಅವರ ಅಂಗಳಕ್ಕೇ ಹೋಗಿ ನೋಡಿದೆ.

ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಅಡಿಕೆ, ಅಂಗಳದಲ್ಲಿ 40-45 ದಿನ ಒಣಗಬೇಕು. ನಡುನಡುವೆ ಮೊಗಚಬೇಕು, ಇಲ್ಲದಿದ್ದರೆ ಅಡಿಭಾಗ ಹಸಿಯಾಗಿ ಉಳಿಯುತ್ತದೆ. ಮಾಷ್ಟ್ರ ಮನೆಯಲ್ಲಿ ಮೊಗಚುವುದು ಕಾಲಿನಿಂದ. ಪಾದ ಎತ್ತದೆ ಎಳೆಯುತ್ತ ನಡೆಯುವುದು. ಹಿಂದೆ ಎರಡು ಸಾಲು ಬೀಳುತ್ತದೆ, ಉತ್ತ ಗದ್ದೆಯ ಹಾಗೆ. ಬೆಳಿಗ್ಗೆ ಏಳೂವರೆಗೆ ಬಿಸಿಲು ಕೊಟ್ಟಿಗೆಯ ಮಾಡಿನ ಮೇಲಿಂದ ಅಡ್ಡ ಬರುತ್ತದೆ. ಆಗ ಪ್ರತಿ ಅಡಿಕೆಗೂ ಒಂದೊಂದು ನೆರಳು. ಒಂಬತ್ತು ಗಂಟೆಗೆ ಅದೇ ಅಂಗಳ ಚಪ್ಪಟೆ ಕಾಣುತ್ತದೆ.

ಮಾಷ್ಟ್ರು ಅಂಗಳದ ಮೂಲೆಯಲ್ಲಿ ಒಂದು ಗೋಣಿ ಹಾಸಿ ಕುಕ್ಕರಗಾಲಿನಲ್ಲಿ ಕೂತರು. ಕ್ಯಾಮೆರಾ ಪಾದದ ಗಂಟಿನ ಎತ್ತರಕ್ಕೆ ಬಂತು. ಅಕ್ಕ, ಅಂದರೆ ಮಾಷ್ಟ್ರ ಹೆಂಡತಿ, ಎದುರಿನಿಂದ ನಡೆದು ಬಂದರು. ಸೀರೆಯ ಅಂಚು, ಎರಡು ಪಾದ, ಬೆರಳ ಸಂದಿಯಲ್ಲಿ ಸಿಕ್ಕಿದ ಒಂದು ಅಡಿಕೆ, ಹಿಂದೆ ಮಸುಕಾಗಿ ಆ ಎರಡು ಸಾಲು. ಮುಖ ಇಲ್ಲ.

ಮುಖ ಇಲ್ಲದ್ದು ಪುಣ್ಯ. ಗುರುತು ಸಿಗುವ ಮುಖ ಇದ್ದರೆ ಜಾಹೀರಾತಿಗೆ ಮಾರಲು ಆ ವ್ಯಕ್ತಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು, ಮಾಡೆಲ್ ರಿಲೀಸ್ ಅಂತಾರೆ. ಪಾದ, ಕೈ, ಬೆನ್ನಿಗೆ ಸಾಮಾನ್ಯವಾಗಿ ಬೇಡ. ಮಾಷ್ಟ್ರಿಗೆ ಆಗ ಇದು ಗೊತ್ತಿರಲಿಲ್ಲ. "ಅವಳಿಗೆ ಮುಖ ತೆಗೆಸಿಕೊಳ್ಳಲು ನಾಚಿಕೆ, ಹಾಗಾಗಿ ಕಾಲು ತೆಗೆದೆ" ಅಷ್ಟೇ.

ಇದನ್ನು ನೀವೂ ಮಾಡಿ ನೋಡಿ. ಸೆಟ್ಟಿಂಗ್ ದೊಡ್ಡ ವಿಷಯ ಏನಲ್ಲ: ಎಫ್ 8ರ ಹತ್ತಿರ, ಐಎಸ್‌ಒ 200, ನಡೆಯುವ ಪಾದ ಅಲುಗದ ಹಾಗೆ ಶಟರ್ ಸೆಕೆಂಡಿನ 500ರಲ್ಲಿ ಒಂದು ಪಾಲು. ಒಂದೇ ಜಾಗದಲ್ಲಿ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ತೆಗೆಯಿರಿ. ಒಂದು ಬದಿ ಖಾಲಿ ಬಿಡಿ, ಕೊಂಡವರು ಅಲ್ಲಿ ಅಕ್ಷರ ಹಾಕುತ್ತಾರೆ. ಮದುವೆ ಫೋಟೋದವರಿಗೆ ಇದು ಕಷ್ಟ, ಫ್ರೇಮ್ ತುಂಬಿಸಿಯೇ ಅಭ್ಯಾಸ. ಆಮೇಲೆ ಆ ಅಡಿಕೆಯ ಕಥೆ ಪೂರ್ತಿ ತೆಗೆಯಿರಿ: ಗೊನೆ, ಕೊಯ್ಲು, ಅಂಗಳ, ಸುಲಿಯುವುದು, ಗೋಣಿ. ಆದರೆ ಒಂದೇ ಗೋಣಿಯ ಇಪ್ಪತ್ತು ಫೋಟೋ ಏರಿಸಬೇಡಿ. ವೆಬ್‌ಸೈಟಿನವರು ಪ್ರತಿ ಫೋಟೋ ಪರೀಕ್ಷೆ ಮಾಡಿಯೇ ಒಪ್ಪುವುದು, ಒಂದರ ಹಾಗೇ ಇನ್ನೊಂದು ಅಂತ ತಿರಸ್ಕಾರ ಆಗುತ್ತದೆ.

ವೃತ್ತಿಯವರು ಬೇಜಾರು ಮಾಡಿಕೊಳ್ಳಬೇಡಿ, ನಮಗೂ ಇದರಲ್ಲಿ ಜಾಗ ಉಂಟು. ಮಾಷ್ಟ್ರಿಗೆ ಬಿಳಿ ಹಿನ್ನೆಲೆಯಲ್ಲಿ ಅಡಿಕೆ ತೆಗೆಯಲು ಬರುವುದಿಲ್ಲ. ಮೇಜಿನ ಮೇಲೆ ಬಿಳಿ ಕಾಗದ ಇಟ್ಟು ತೆಗೆದರೆ ಹಿನ್ನೆಲೆ ಬೂದಿ ಬಣ್ಣ ಬರುತ್ತದೆ, ಅಡಿಕೆಯ ಕೆಳಗೆ ಎರಡು ನೆರಳು. ನನಗೆ ಅದು ಅರ್ಧ ಗಂಟೆಯ ಕೆಲಸ. ಬೆಳಕನ್ನು ಮೆದು ಮಾಡುವ ಸಾಫ್ಟ್‌ಬಾಕ್ಸ್ ಎರಡು, ಹಿಂದೆ ಒಂದು ಲೈಟು. ಇಡೀ ಅಡಿಕೆ, ಎರಡು ಹೋಳು ಮಾಡಿದ್ದು, ಹಣ್ಣಡಿಕೆ, ಸಿಪ್ಪೆ, ಹಾಳೆತಟ್ಟೆ, ಗೇರುಹಣ್ಣು, ಕೊಕ್ಕೋ ಕಾಯಿ. ಪ್ಯಾಕೆಟ್ ಡಿಸೈನ್ ಮಾಡುವವರಿಗೆ ಇಂಥದ್ದೇ ಬೇಕು. ನನ್ನ ಮಾರಾಟ ಏರಿದ್ದು ಇದರಿಂದಲೇ, ಬೇಕಲದಿಂದ ಅಲ್ಲ.

ಒಂದು ವಿಷಯ ಮಾತ್ರ ತೆಗೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲ ಉಣ್ಣುತ್ತಿರುವ ಮನೆಗಳು ನಮ್ಮ ಸುತ್ತ ಇವೆ. ವರದಿ ಮಾಡಲು ಬಂದವರ ಕೆಲಸ ಬೇರೆ, ಅದರಿಂದ ಒಳ್ಳೆಯದೇ ಆಯ್ತು. ಆದರೆ ಆ ಮಕ್ಕಳ ಮುಖವನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಹಾಕಿಕೊಳ್ಳಲಿ ಅಂತ 10 ಸೆಂಟಿಗೆ ಇಡುವುದು ನನ್ನಿಂದ ಆಗುವುದಿಲ್ಲ.

ಬಳೆಯ ಪ್ರಕರಣ

ಈಗ ನನ್ನ ಮಾನ ಹೋದ ಕಥೆ. ಹಾರ್ಡ್‌ಡಿಸ್ಕಿನಲ್ಲಿ ಲಕ್ಷಗಟ್ಟಲೆ ಮದುವೆ ಫೋಟೋ ಕೂತಿದೆಯಲ್ಲ, ಅದನ್ನೇ ಏರಿಸಿದರೆ ಹೇಗೆ ಅಂತ ಯೋಚನೆ ಬಂತು. ಮುಖ ಇರಬಾರದು ತಾನೇ? ಮೆಹಂದಿ ಹಾಕಿದ ಮದುಮಗಳ ಕೈ ಒಂದು ಏರಿಸಿದೆ. ಆರು ತಿಂಗಳ ಮೇಲೆ ಅದು ಯಾವುದೋ ಜಾಹೀರಾತಿನಲ್ಲಿ ಬಂತು. ಹುಡುಗಿಯ ಚಿಕ್ಕಮ್ಮ ಬಳೆ ನೋಡಿ ಗುರುತು ಹಿಡಿದರು. ಅಜ್ಜಿಯಿಂದ ಬಂದ ಬಳೆ ಅಂತೆ, ಅಂಥದ್ದು ಬೇರೆ ಎಲ್ಲೂ ಇಲ್ಲವಂತೆ. ಮನೆಯವರು ಸ್ಟುಡಿಯೋಕ್ಕೆ ಬಂದು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಫೋಟೋ ತೆಗೆದು ಹಾಕಿದೆ, ಕ್ಷಮೆ ಕೇಳಿದೆ. ಆ ಮನೆಯ ಮುಂದಿನ ಉಪನಯನ ಬೇರೆ ಸ್ಟುಡಿಯೋಕ್ಕೆ ಹೋಯ್ತು.

ಆಮೇಲೆ ವಕೀಲರಾದ ಸ್ನೇಹಿತರೊಬ್ಬರು ತಿಳಿಸಿದರು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಅಂದರೆ ಆ ಲಕ್ಷ ಫೋಟೋ ನನ್ನದೇ ಅಲ್ಲ! 22 ವರ್ಷ ಈ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲ. ಈ ವಿಷಯದಲ್ಲಿ ಹವ್ಯಾಸಿಯೇ ಮೇಲೆ, ಅವನು ತೆಗೆದದ್ದೆಲ್ಲ ಅವನದ್ದೇ.

ಹಾಗಾಗಿ ಕಾಗದ ಮೊದಲು. ಮಾಡೆಲ್ ರಿಲೀಸ್ ಫಾರಂ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪ್ರಿಂಟ್ ತೆಗೆದು ಬ್ಯಾಗಿನಲ್ಲಿಟ್ಟುಕೊಳ್ಳಿ. ಸಹಿ ಹಾಕುವವರಿಗೆ ಅವರ ಭಾಷೆಯಲ್ಲಿ, ಕನ್ನಡವೋ ತುಳುವೋ ಮಲಯಾಳವೋ, ಪೂರ್ತಿ ಹೇಳಿ: ಈ ಫೋಟೋ ಯಾವುದೋ ದೇಶದಲ್ಲಿ ಸಾಬೂನಿನ ಜಾಹೀರಾತಿಗೂ ಹೋಗಬಹುದು. ಒಪ್ಪಿದರೆ ಮಾತ್ರ ಸಹಿ. ಸಾಕ್ಷಿ ಒಬ್ಬರು ಬೇಕು. ಮಕ್ಕಳಾದರೆ ಅಪ್ಪ ಅಮ್ಮನ ಸಹಿ.

ಸಹಿ ಸಿಗದ್ದನ್ನು 'ಎಡಿಟೋರಿಯಲ್' ಅಂತ ಇಡಬಹುದು. ಸುದ್ದಿಗೆ, ಲೇಖನಕ್ಕೆ ಮಾತ್ರ ಬಳಕೆ, ಜಾಹೀರಾತಿಗೆ ಇಲ್ಲ. ಯಕ್ಷಗಾನ, ತೆಯ್ಯಂ, ಜಾತ್ರೆ, ಅಂಗಡಿ ಬೋರ್ಡ್ ಇರುವ ಪೇಟೆ ಎಲ್ಲ ಈ ಗುಂಪಿಗೆ. ಬಣ್ಣ ಹಾಕಿದ್ದಾರಲ್ಲ, ಗುರುತು ಸಿಗುವುದಿಲ್ಲ ಅಂತ ವಾದ ಮಾಡಬೇಡಿ. ವೇಷಧಾರಿ ಯಾರು ಅಂತ ಊರಿಗೇ ಗೊತ್ತು. ಶಟರ್‌ಸ್ಟಾಕಿಗೆ ಎಡಿಟೋರಿಯಲ್ ವಿವರ ಒಂದು ಕ್ರಮದಲ್ಲಿ ಇರಬೇಕು: ಊರು, ದೇಶ, ತಾರೀಕು, ಆಮೇಲೆ ಏನು ನಡೆಯುತ್ತಿದೆ ಅಂತ. ಇಲ್ಲಿ ತಾರೀಕಿಗೆ ಬೆಲೆ ಉಂಟು. ಕುಂಬಳೆ ಹತ್ತಿರದ ಅನಂತಪುರ ಕ್ಷೇತ್ರದ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ಇತ್ತಲ್ಲ, 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಅದಕ್ಕೆ ಮೊದಲು ತೆಗೆದ ಫೋಟೋ ಇನ್ನು ಯಾರಿಗೂ ಸಿಗುವುದಿಲ್ಲ. ನಾನು ಆ ಕ್ಷೇತ್ರದಲ್ಲಿ ಎಷ್ಟೋ ಮದುವೆ ಮಾಡಿದ್ದೇನೆ. ಕೆರೆಯ ಕಡೆಗೆ ಲೆನ್ಸ್ ತಿರುಗಿಸಿದ್ದು ನೆನಪಿಲ್ಲ.

ಏರಿಸುವ ಮೊದಲು

ಫೋಟೋವನ್ನು ಕಂಪ್ಯೂಟರಿನಲ್ಲಿ 100 ಶೇಕಡಕ್ಕೆ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿ. ಫೋಕಸ್ ತಪ್ಪಿದೆಯಾ, ನೆರಳಿನಲ್ಲಿ ಕಾಳುಕಾಳು ಕಾಣುತ್ತದಾ, ಆಕಾಶದಲ್ಲಿ ಸೆನ್ಸರಿನ ಧೂಳಿನ ಚುಕ್ಕೆ ಉಂಟಾ. ಮೊಬೈಲಿನ ಪರದೆಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ಮಾಷ್ಟ್ರ ಮೊದಲ ಹತ್ತರಲ್ಲಿ ಏಳು ಇದರಿಂದಲೇ ಬಿದ್ದಿತ್ತು. ಕನಿಷ್ಠ 4 ಮೆಗಾಪಿಕ್ಸೆಲ್, ಜೆಪೆಗ್ ಫೈಲ್, ಬಣ್ಣದ ಮಾದರಿ ಎಸ್‌ಆರ್‌ಜಿಬಿ. ಹೊಸ ಮೊಬೈಲ್ ಇದ್ದರೂ ಸಾಕು, ಬೆಳಕು ಒಳ್ಳೆಯದಿದ್ದರೆ.

ಬ್ರ್ಯಾಂಡಿನ ಗುರುತು ಇರಬಾರದು. ಇದು ನಮ್ಮಲ್ಲಿ ದೊಡ್ಡ ಕಾಟ. ಗೋಣಿಯ ಮೇಲೆ ಗೊಬ್ಬರದ ಕಂಪನಿ, ಡ್ರಮ್ಮಿನ ಮೇಲೆ ಪೇಂಟಿನ ಕಂಪನಿ, ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಕುರ್ಚಿಯ ಕಂಪನಿ. ನನ್ನ ಒಂದು ಚಿತ್ರ ಕೂಲಿಯವರ ಬನಿಯನಿನ ಲೇಬಲಿಗೆ ತಿರಸ್ಕಾರ ಆಯ್ತು! ಕ್ಲಿಕ್ ಮಾಡುವ ಮೊದಲು ಗೋಣಿ ತಿರುಗಿಸಿ ಇಡುವುದು ಸುಲಭ.

ಆಮೇಲೆ ಕೀವರ್ಡ್. ಇಲ್ಲಿ ನಾನು ಸೋತೆ, ಇಲ್ಲೇ ಮಾಷ್ಟ್ರು ಗೆದ್ದರು. ಕೊಳ್ಳುವವನು ಫೋಟೋ ಹುಡುಕುವುದು ಕಣ್ಣಿನಿಂದ ಅಲ್ಲ, ಪದದಿಂದ. ಅಡೋಬಿ ಸ್ಟಾಕ್ ಅನ್ನುವ ವೆಬ್‌ಸೈಟಿನಲ್ಲಿ 49 ಕೀವರ್ಡ್, ಶಟರ್‌ಸ್ಟಾಕಿನಲ್ಲಿ 50 ಹಾಕಬಹುದು. ಅಷ್ಟೂ ತುಂಬಿಸಬೇಕು ಅಂತಿಲ್ಲ. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ತೂಕ ಜಾಸ್ತಿ, ಮುಖ್ಯವಾದದ್ದನ್ನು ಮೇಲೆ ಇಡಿ. ಅಡಿಕೆಗೆ ಅರೆಕಾ ನಟ್, ಬೀಟಲ್ ನಟ್, ಸುಪಾರಿ, ಗಿಡದ ಶಾಸ್ತ್ರೀಯ ಹೆಸರು ಅರೆಕಾ ಕ್ಯಾಟೆಚು, ಎಲ್ಲ ಬೇಕು. ಯಾವ ದೇಶದವನು ಯಾವ ಹೆಸರಿನಲ್ಲಿ ಹುಡುಕುತ್ತಾನೋ ಯಾರಿಗೆ ಗೊತ್ತು. ನಮ್ಮ ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ 'ಆರ್' ಆದ ಮೇಲೆ 'ಎ' ಹಾಕಿ ಬರೆಯುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಎರಡೂ ಹಾಕಿ. ಕುಂಬಳೆಗೂ ಹಾಗೆಯೇ. ಚಿತ್ರದಲ್ಲಿ ಇಲ್ಲದ್ದನ್ನು ಮಾತ್ರ ತುರುಕಬೇಡಿ. ಅಡಿಕೆಯ ಫೋಟೋಗೆ 'ಬೀಚ್' ಅಂತ ಹಾಕಿದರೆ ಯಾರೂ ಕೊಳ್ಳುವುದಿಲ್ಲ, ವೆಬ್‌ಸೈಟಿನವರೂ ಮೆಚ್ಚುವುದಿಲ್ಲ.

ದುಡ್ಡು

ಎಲ್ಲಿ ಇಡಬೇಕು ಅಂತ ಕೇಳುತ್ತಾರೆ. ನಾನು ಮೂರು ಕಡೆ ಇಟ್ಟಿದ್ದೇನೆ. ಅಡೋಬಿ ಸ್ಟಾಕ್ ಫೋಟೋಗೆ 33 ಶೇಕಡ, ವಿಡಿಯೋಕ್ಕೆ 35 ಶೇಕಡ ಕೊಡುತ್ತದೆ. ಶಟರ್‌ಸ್ಟಾಕಿನ ಮೆಟ್ಟಿಲು ಮೇಲೆ ಹೇಳಿದೆ. ಇಂಗ್ಲೆಂಡಿನ ಅಲಾಮಿಯಲ್ಲಿ ಮಾರಾಟ ಅಪರೂಪ, ಆದರೆ ಹೋದಾಗ ಒಂದಕ್ಕೇ ಕೆಲವು ಡಾಲರ್ ಬರುತ್ತದೆ. ಊರಿನ ಅಪರೂಪದ ಎಡಿಟೋರಿಯಲ್ ಚಿತ್ರ ನಾನು ಅಲ್ಲಿಗೇ ಕಳಿಸುವುದು. ಅಡೋಬಿಯಲ್ಲಿ 25 ಡಾಲರ್ ಆದ ಮೇಲೆ ದುಡ್ಡು ತೆಗೆಯಬಹುದು, ಅಲಾಮಿಯಲ್ಲಿ 50 ಆಗಬೇಕು.

ಮಾಷ್ಟ್ರನ್ನು ಕಾಡಿದ ಆ ಫಾರಂನ ಹೆಸರು ಡಬ್ಲ್ಯು-8 ಬೆನ್. ಅಮೆರಿಕದಲ್ಲಿ ಆದ ಮಾರಾಟಕ್ಕೆ ಅಲ್ಲಿನ ತೆರಿಗೆ 30 ಶೇಕಡ ಹಿಡಿಯುತ್ತಾರೆ. ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದ ಇರುವುದರಿಂದ ಈ ಫಾರಂ ತುಂಬಿದರೆ ಅದು 15ಕ್ಕೆ ಇಳಿಯುತ್ತದೆ. ಪಾನ್ ನಂಬರ್ ಬೇಕು. ಪಾನಿನಲ್ಲಿ, ಬ್ಯಾಂಕಿನಲ್ಲಿ, ಡಾಲರ್ ಬಂದು ಬೀಳುವ ಪೇಪಾಲ್ ಖಾತೆಯಲ್ಲಿ ಹೆಸರು ಒಂದೇ ರೀತಿ ಇರಲಿ. ಮಾಷ್ಟ್ರಿಗೆ ಒಂದು ಕಡೆ ಮನೆತನದ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಸರಿ ಮಾಡಲು ಎರಡು ತಿಂಗಳು ಹಿಡಿಯಿತು.

ಇದರಿಂದ ಮನೆ ನಡೆಯುತ್ತದಾ? ನಮ್ಮ ಅಳತೆಯಲ್ಲಿ ಇಲ್ಲ. ನನಗೆ ಈಗ 1,100 ಫೋಟೋ ಉಂಟು, ತಿಂಗಳ ಇಂಟರ್ನೆಟ್, ಕರೆಂಟ್ ಬಿಲ್ಲು ಅದರಲ್ಲಿ ಕಳೆಯುತ್ತದೆ. ಆಟಿಯಲ್ಲೂ ಬರುತ್ತದೆ ಅನ್ನುವುದೇ ಅದರ ಲಾಭ. ಮದುವೆ ಕೆಲಸ ಬಿಟ್ಟು ಇದಕ್ಕೆ ಇಳಿಯುತ್ತೇನೆ ಅನ್ನುವ ಹುಡುಗರಿಗೆ ನಾನು ಬೇಡ ಅನ್ನುತ್ತೇನೆ.

ಪುಕ್ಕಟೆ ಹಂಚುವ ಜಾಗಗಳೂ ಇವೆ. ಅನ್‌ಸ್ಪ್ಲ್ಯಾಶ್ 2013ರಲ್ಲಿ ಶುರುವಾಯ್ತು, 2021ರಲ್ಲಿ ಅದನ್ನೂ ಗೆಟ್ಟಿಯವರೇ ಕೊಂಡರು. ಹೆಸರು ಬರುತ್ತದೆ ಅಂತ ಹವ್ಯಾಸಿಗಳು ಒಳ್ಳೆ ಚಿತ್ರ ಅಲ್ಲಿ ಕೊಡುತ್ತಾರೆ. ದಾಸವಾಳ ಕೊಡಿ, ಬೇಕಾದರೆ ನನ್ನ ಬೇಕಲದ ಸೂರ್ಯಾಸ್ತವನ್ನೂ ಕೊಡುತ್ತೇನೆ. ಬೋರ್ಡೋ ಮದ್ದು ಕೊಡಬೇಡಿ. ಇನ್ನು ಎಐ. ಬಿಳಿ ಶರಟಿನವರು ಕೈಕುಲುಕುವ ಚಿತ್ರವನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತದೆ, ಆ ಪೇಟೆ ಮುಗಿಯಿತು ಅಂತಲೇ ಲೆಕ್ಕ. ಅಡಿಕೆ ಒಣಗಿಸುವ ಅಂಗಳ ಮಾಡು ಅಂತ ನಾನು ಅದಕ್ಕೆ ಹೇಳಿ ನೋಡಿದೆ. ತೆಂಗಿನಮರದಲ್ಲಿ ಅಡಿಕೆಗೊನೆ ಬಿಟ್ಟಿತ್ತು. ಮಾಷ್ಟ್ರಿಗೆ ತೋರಿಸಿದೆ, "ಸೊನ್ನೆ ಮಾರ್ಕು" ಅಂದರು.

ಮೊನ್ನೆ ಇಬ್ಬರೂ ಸೇರಿ ಪೆರ್ಲದ ಕಡೆ ಒಂದು ಸುರಂಗಕ್ಕೆ ಹೋಗಿದ್ದೆವು. ಒಳಗೆ ಬಗ್ಗಿಯೇ ನಡೆಯಬೇಕು, ಪಾದ ಮುಳುಗುವಷ್ಟು ತಣ್ಣಗಿನ ನೀರು, ತಲೆಯ ಮೇಲೆ ಬಾವಲಿ. ನಾನು ಎರಡು ಫ್ಲ್ಯಾಶ್ ಹೊತ್ತುಕೊಂಡು ಹೋಗಿದ್ದೆ, ಗೋಡೆಯ ಪಿಕಾಸಿ ಗುರುತು ಒಂದೊಂದೂ ಎದ್ದು ಬರುವ ಹಾಗೆ ಬೆಳಕು ಇಟ್ಟೆ. ಮಾಷ್ಟ್ರು ಟಾರ್ಚು ಆರಿಸಿ ಸುರಂಗದ ಬಾಯಿಯ ಕಡೆಗೆ ತಿರುಗಿ ಕೂತರು. ಹೊರಗಿನ ಹಸಿರು ಒಂದು ನಾಣ್ಯದಷ್ಟು ಕಾಣುತ್ತಿತ್ತು, ನೀರಿನಲ್ಲಿ ಅದೇ ಇನ್ನೊಂದು. ಇಬ್ಬರದ್ದೂ ಒಂದೇ ದಿನ ಏರಿಸಿದ್ದೇವೆ. ಅವರದ್ದು ಪಾಸಾಗಿದೆ. ನನ್ನದರಲ್ಲಿ ಮೂಲೆಯಲ್ಲಿ ಟಾರ್ಚಿನ ಕಂಪನಿಯ ಹೆಸರು ಬಿದ್ದಿತ್ತಂತೆ, ವಾಪಸ್ ಬಂದಿದೆ.